ಹದಿನೇಳು ಕಾಣುತ್ತಿದೆ

ಜೂನ್ 5, ಶುಕ್ರವಾರ

ಪ್ರೀತಿಯ ಚಿಕ್ಕಪ್ಪ,

ನಿಮ್ಮ ಪ್ರಶ್ನೆಪತ್ರಿಕೆಯ ನಮಸ್ಕಾರ. ಈ ಹೆಸರಿಟ್ಟವರು ನೀವೇ, ಆದ್ದರಿಂದ ಮುಖ ಸಿಂಡರಿಸದೆ ಕೊನೆಯವರೆಗೆ ಓದಬೇಕು.

ಸೋಮವಾರದಿಂದ ನಾನು ಕೇಂದ್ರ ಕಚೇರಿಯ ಲೆಕ್ಕಾಚಾರ ವಿಭಾಗದಲ್ಲಿದ್ದೇನೆ. ನಾಲ್ಕನೇ ಮಹಡಿ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಫ್ಯಾನು ತಿರುಗುವುದಕ್ಕಿಂತ ಗೊಣಗುವುದೇ ಹೆಚ್ಚು. ಮೊದಲ ದಿನವೇ ಜವಾನ ಹಳೆಯ ರಿಜಿಸ್ಟರುಗಳನ್ನು ತಂದು ಮೇಜಿನ ಮೇಲೆ ಒಟ್ಟಿದಾಗ, ಇಷ್ಟನ್ನೂ ಓದಬೇಕಾ ಎಂದುಕೊಂಡೆ. ಮೇಲಿನದನ್ನು ತೆರೆದರೆ ನಿಮ್ಮ ಅಕ್ಷರ! 'ತಿ'ಯ ಗುಡಿಸನ್ನು ಪಕ್ಕದ ಕಾಲಮ್ಮಿನವರೆಗೆ ಎಳೆಯುವವರು ಇಡೀ ಇಲಾಖೆಯಲ್ಲಿ ನೀವೊಬ್ಬರೇ ಇರಬೇಕು. ತಿಳಿ, ತಿಳಿ, ತಿಳಿ. ಪುಟಗಟ್ಟಲೆ ತಿಳಿ. ಅಪರಿಚಿತರ ನಡುವೆ ಮನೆಯವರೊಬ್ಬರು ಸಿಕ್ಕಂತಾಯಿತು.

ನನಗೆ ಒಂಬತ್ತು ವರ್ಷವಿದ್ದಾಗ ರಜೆಗೆ ಬಂದಿದ್ದೆನಲ್ಲ, ನೆನಪಿದೆಯೇ? ಜಲಾಶಯದ ಕಟ್ಟೆಯ ಬುಡದ ಕಾಲುವೆಗೆ ಕರೆದುಕೊಂಡು ಹೋಗಿ, ಸೋರುವ ನೀರನ್ನು ಉದ್ದನೆಯ ಗಾಜಿನ ಗ್ಲಾಸಿನಲ್ಲಿ ತುಂಬಿ, ಅದರ ಹಿಂದೆ ನನ್ನ ಅಂಗೈ ಇಡಿಸಿದ್ದಿರಿ. "ಕೈಯ ಗೆರೆ ಕಾಣುತ್ತಾ? ಹಾಗಾದ್ರೆ ತಿಳಿ. ಕೈ ಕಾಣುತ್ತೆ, ಗೆರೆ ಕಾಣಲ್ಲ? ಮಬ್ಬು. ಕೈಯೇ ಕಾಣಲ್ವಾ? ಕದಡು. ಈ ಕೆಲಸಕ್ಕೆ ಮೂರೇ ಪದ ಸಾಕು ಕಣೇ" ಎಂದಿದ್ದಿರಿ. ಕದಡಿದರೆ ಏನಾಗುತ್ತದೆ ಎಂದು ನಾನು ತಲೆ ತಿಂದೆ. "ಮಣ್ಣಿನ ಕಟ್ಟೆ ಅಂದ್ಮೇಲೆ ಸೋರುತ್ತೆ, ಸೋರ್ಲಿ. ಆದ್ರೆ ಬರೋ ನೀರು ಮಣ್ಣು ಹೊತ್ಕೊಂಡು ಬರಬಾರ್ದು. ಬಂತು ಅಂದ್ರೆ ಕಟ್ಟೆ ಒಳಗೊಳಗೇ ಖಾಲಿಯಾಗ್ತಿದೆ ಅಂತ ಅರ್ಥ." ಅವತ್ತು ನಾನು ಹೆದರಿ ಊಟ ಬಿಟ್ಟಿದ್ದೆ, ಚಿಕ್ಕಮ್ಮ ನಿಮಗೆ ಬೈದಿದ್ದರು.

ಈಗ ನನ್ನ ಕೆಲಸ ಏನು ಗೊತ್ತೇ? ನಿಮ್ಮ ಪದಗಳನ್ನು ಅಂಕಿ ಮಾಡುವುದು. ತಿಳಿಗೆ ಸೊನ್ನೆ, ಮಬ್ಬಿಗೆ ಒಂದು, ಕದಡಿಗೆ ಎರಡು. ಮೂವತ್ತೊಂದು ವರ್ಷದ ಹನ್ನೊಂದು ಸಾವಿರ ಚಿಲ್ಲರೆ ದಿನ. ಮೊದಲ ಇಪ್ಪತ್ತೆರಡು ವರ್ಷಗಳಲ್ಲಿ ಜೋರು ಮಳೆಯಾದಾಗಲೆಲ್ಲ ಒಂದೊಂದು ಮಬ್ಬು ಇದೆ, ಒಟ್ಟು ನೂರ ನಲವತ್ತಮೂರು. ಕಳೆದ ಒಂಬತ್ತು ವರ್ಷಗಳಲ್ಲಿ ಒಂದೇ ಒಂದೂ ಇಲ್ಲ. ಏನು ಮಂತ್ರ ಹಾಕಿದಿರಿ ಚಿಕ್ಕಪ್ಪ? ನಮ್ಮ ಸಾಹೇಬರಂತೂ ಇದನ್ನು ನೋಡಿ ಹಿರಿಹಿರಿ ಹಿಗ್ಗಿದ್ದಾರೆ.

ಆ ಗ್ಲಾಸು ಇನ್ನೂ ಇದೆಯೇ? ಸುಮ್ಮನೆ ಕೇಳಿದೆ. ಚಿಕ್ಕಮ್ಮನಿಗೆ ನಮಸ್ಕಾರ. ಈ ಪತ್ರವನ್ನು ಬುಧವಾರದ ಜೀಪಿನ ಚೀಲದಲ್ಲೇ ಹಾಕುತ್ತಿದ್ದೇನೆ, ಅಂಚೆಗಿಂತ ಬೇಗ ಬರುತ್ತದಂತೆ.

ನಿಮ್ಮ,
ಪ್ರಶ್ನೆಪತ್ರಿಕೆ


ಜೂನ್ 16, ಮಂಗಳವಾರ

ಪ್ರೀತಿಯ ಪ್ರಶ್ನೆಪತ್ರಿಕೆಗೆ ಆಶೀರ್ವಾದಗಳು.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಾಲ್ಕನೇ ಸಲ ಓದುವಾಗ ನಿನ್ನ ಚಿಕ್ಕಮ್ಮ ಕಿತ್ತುಕೊಂಡಳು. ನನ್ನ ಮೂವತ್ತೊಂದು ವರ್ಷಕ್ಕೆ ಸೊನ್ನೆ ಕೊಟ್ಟಿದ್ದೀಯ ಎಂದು ತಿಳಿದು ಅವಳಿಗೆ ಪರಮಾನಂದ. "ನಾನೂ ಇಷ್ಟು ವರ್ಷ ಅದನ್ನೇ ಕೊಟ್ಟಿದ್ದು" ಎಂದಳು.

ಮಂತ್ರವೂ ಇಲ್ಲ, ಮಾಟವೂ ಇಲ್ಲ. ಕಟ್ಟೆಯೂ ಮನುಷ್ಯರ ಹಾಗೆಯೇ. ವಯಸ್ಸಿನಲ್ಲಿ ಹಾರಾಡುತ್ತದೆ, ಆಮೇಲೆ ತೆಪ್ಪಗಾಗುತ್ತದೆ. ಮಣ್ಣು ಕೂತು ಕೂತು ಗಟ್ಟಿಯಾಗಿರಬೇಕು. ಹೆಚ್ಚಿನದನ್ನು ಓದಿದವರು ನೀವು ಹೇಳಬೇಕು.

ಗ್ಲಾಸು ಇದೆ. ಎಲ್ಲಿಗೆ ಹೋಗುತ್ತದೆ?

ಈಗ ನನ್ನ ಜೊತೆ ಇನ್ನೊಬ್ಬ ವೀಕ್ಷಕನಿದ್ದಾನೆ. ಅವನನ್ನು ಎಲ್ಲರೂ ಗಡಿಯಾರ ಎಂದೇ ಕರೆಯುತ್ತಾರೆ. ಬೆಳಿಗ್ಗೆ ಆರೂವರೆ ಎಂದರೆ ಆರೂವರೆಗೆ ಕಾಲುವೆಯ ಕಲ್ಲಿನ ಮೇಲೆ ನಿಂತಿರುತ್ತಾನೆ. ಕೆಲಸವನ್ನು ನಾನೇ ಕಲಿಸಿದ್ದು. ನಾನು ಒಂದು ದಿನ ಹೋಗದಿದ್ದರೂ ರಿಜಿಸ್ಟರಿನಲ್ಲಿ ಅಕ್ಷರ ಬದಲಾಗುತ್ತದೆಯೇ ಹೊರತು ಪದ ಬದಲಾಗುವುದಿಲ್ಲ.

ಬೇರೆ ವಿಶೇಷವೇನೂ ಇಲ್ಲ. ಕಾಲುವೆ ದಂಡೆಯ ಹುಲ್ಲು ಈ ವರ್ಷ ಮೊಣಕಾಲೆತ್ತರ ಬೆಳೆದಿದೆ. ನಾನು ಕೂರುವ ಕುರ್ಚಿಯ ಎಡಗಾಲು ನೆಲದಲ್ಲಿ ಇಳಿಯುತ್ತದೆ, ಹಲಗೆ ಕೊಟ್ಟಿದ್ದೇನೆ. ನಿನ್ನ ಚಿಕ್ಕಮ್ಮ ಕ್ವಾರ್ಟರ್ಸಿನ ಹಿಂದೆ ಅದೇ ಕಾಲುವೆಯಲ್ಲಿ ಬಟ್ಟೆ ಒಗೆಯುತ್ತಾಳೆ. ಬಿಳಿ ಬಟ್ಟೆಗೆಲ್ಲ ಕಂದು ಬಣ್ಣ ಹಿಡಿಯುತ್ತಿದೆ ಎಂದು ಎರಡು ತಿಂಗಳಿಂದ ಒಂದೇ ರಾಗ. ಸೋಪು ಬದಲಾಯಿಸು ಎಂದಿದ್ದೇನೆ.

ಹೊಟ್ಟೆ ತುಂಬ ಊಟ ಮಾಡು. ಸಾಹೇಬರ ಎದುರು ಬಾಯಿಗೆ ಸ್ವಲ್ಪ ಬೀಗವಿರಲಿ.

ನಿನ್ನ,
ಚಿಕ್ಕಪ್ಪ


ಜೂನ್ 26, ಶುಕ್ರವಾರ

ಪ್ರೀತಿಯ ಚಿಕ್ಕಪ್ಪ,

"ವಯಸ್ಸಿನಲ್ಲಿ ಹಾರಾಡುತ್ತದೆ, ಆಮೇಲೆ ತೆಪ್ಪಗಾಗುತ್ತದೆ." ಈ ಸಾಲನ್ನು ನಾನು ಸಾಹೇಬರಿಗೆ ಓದಿ ಹೇಳಿದೆ. ಬೀಗ ಹಾಕಿಕೊಳ್ಳುವುದು ನನ್ನಿಂದ ಆಗದ ಕೆಲಸ. ಅವರು ಮೇಜು ಕುಟ್ಟಿ ನಕ್ಕು, "ಅನುಭವ ಅಂದ್ರೆ ಇದು ನೋಡಿ" ಎಂದರು. ಅದೇ ಮಾತನ್ನು ಗಂಭೀರ ಭಾಷೆಗೆ ತಿರುಗಿಸಿ ನನ್ನ ವರದಿಯ ಕೊನೆಯಲ್ಲಿ ಸೇರಿಸಿದ್ದೇನೆ: "ಕಟ್ಟೆಯು ಕಾಲಕ್ರಮೇಣ ಸ್ಥಿರಗೊಂಡಿದೆ." ನಿಮ್ಮ ಮಾತು ಕೋಟು ಹಾಕಿಕೊಂಡು ಹೊರಟಿದೆ.

ಒಂದು ಸಹಾಯ ಬೇಕು. ನೀರನ್ನು ಯಾರು ನೋಡುತ್ತಾರೆ, ಎಷ್ಟು ಗಂಟೆಗೆ, ಹೇಗೆ ನೋಡುತ್ತಾರೆ ಎಂಬುದನ್ನು ಒಂದೆರಡು ಸಾಲಿನಲ್ಲಿ ಬರೆದು ಕಳಿಸುತ್ತೀರಾ? ನನಗೆ ಗೊತ್ತಿರುವುದೇ, ಆದರೆ ಕಡತದಲ್ಲಿ ನಿಮ್ಮ ಕೈಬರಹವಿದ್ದರೆ ಚೆನ್ನ. ಯಾಕೆ ಎಂದು ಮಾತ್ರ ಕೇಳಬೇಡಿ. ಇಲ್ಲಿ ಒಂದು ದೊಡ್ಡ ವಿಷಯ ನಡೆಯುತ್ತಿದೆ, ಅದು ನನ್ನ ಪಟ್ಟಿಯ ಮೇಲೆ ನಿಂತಿದೆ. ಈಗಲೇ ಹೇಳುವಂತಿಲ್ಲ.

ಅಕ್ಕನ ಅಂಗಡಿಗೆ ಎರಡನೇ ಹೊಲಿಗೆ ಮೆಷಿನ್ನು ಬಂದಿದೆಯಂತೆ. ಶಾಲೆಯೊಂದರ ಸಮವಸ್ತ್ರದ ಕೆಲಸ ಸಿಕ್ಕಿ, ಕಟ್ಟೆಯ ಕೆಳಗಿನ ಊರಿನ ಹೊಳೆ ಬೀದಿಯ ಆ ಪುಟ್ಟ ಕೋಣೆಯಲ್ಲಿ ಬಟ್ಟೆ ರಾಶಿಯ ನಡುವೆ ಅವಳೂ ಮಕ್ಕಳೂ ಹುಡುಕಿದರೂ ಸಿಗುವುದಿಲ್ಲವಂತೆ. ನಿಮ್ಮ ಜೀಪು ಅವಳ ಅಂಗಡಿ ಮುಂದೆಯೇ ಹಾದುಬರುತ್ತದಲ್ಲ, ಚಿಕ್ಕಮ್ಮನ ಬಿಳಿ ಬಟ್ಟೆ ಪುರಾಣವನ್ನು ಡ್ರೈವರ್ ಬಾಯಲ್ಲಿ ಕೇಳಿ ಅವಳೂ ನಕ್ಕಳಂತೆ.

ಬೇಗ ಬರೆಯಿರಿ.

ನಿಮ್ಮ,
ಪ್ರಶ್ನೆಪತ್ರಿಕೆ


ಜುಲೈ 7, ಮಂಗಳವಾರ

ಲೆಕ್ಕಾಚಾರ ವಿಭಾಗದ ಅಧಿಕಾರಿಗಳ ಸನ್ನಿಧಿಗೆ,

ತಾವು ಕೇಳಿದ ಮಾಹಿತಿ ಹೀಗಿದೆ. ವೀಕ್ಷಣೆಯ ಸಮಯ: ಬೆಳಿಗ್ಗೆ ಆರೂವರೆ. ವೀಕ್ಷಕರು: ಇಬ್ಬರು. ವಿಧಾನ: ನಿಯಮದಂತೆ. ಫಲಿತಾಂಶ: ತಿಳಿ.

ಇಷ್ಟು ಸಾಕಲ್ಲ?

ಸಾಲದಿದ್ದರೆ ಇನ್ನೂ ಹೇಳುತ್ತೇನೆ. ಜೀಪಿನ ಡ್ರೈವರ್ ಎಲ್ಲ ಹೇಳಿದ. "ನಿಮ್ಮ ಹುದ್ದೆ ತೆಗೀತಾರಂತೆ ಸರ್, ಒಂಬತ್ತು ವರ್ಷದಿಂದ ನೀರು ಬದಲಾಗೇ ಇಲ್ಲ, ದಿನಾ ನೋಡೋದ್ಯಾಕೆ ಅಂತಿದಾರಂತೆ" ಎಂದ. ಅದಕ್ಕೇ ಅಲ್ಲವೇ ಯಾರು, ಎಷ್ಟಕ್ಕೆ, ಹೇಗೆ ಎಂದು ನನ್ನ ಕೈಯಲ್ಲೇ ಬರೆಸಿಕೊಳ್ಳಲು ಹೊರಟದ್ದು? ಬೇರೆಯವರು ಕೇಳಿದ್ದರೆ ನನಗೆ ಬೇಜಾರಿರಲಿಲ್ಲ. ಎತ್ತಿ ಆಡಿಸಿದ ಕೂಸು ಕೇಳಿತಲ್ಲ ಎಂದು ಹೊಟ್ಟೆ ಉರಿಯಿತು.

ಒಂದು ಮಾತು ಚೆನ್ನಾಗಿ ಕೇಳಿಸಿಕೋ. ಮೂವತ್ತೊಂದು ವರ್ಷದಲ್ಲಿ ನಾನು ನೋಡದೆ ಒಂದು ದಿನವೂ ಬರೆದವನಲ್ಲ. ಜ್ವರ ಬಂದಾಗಲೂ ಕೋಲೂರಿಕೊಂಡು ಹೋಗಿ ನೋಡಿದ್ದೇನೆ. ನಾನು ತಿಳಿ ಎಂದರೆ ತಿಳಿ. ಅದರ ಮೇಲೆ ನಿಮ್ಮ ಇಲಾಖೆ ಮನೆ ಬೇಕಾದರೂ ಕಟ್ಟಬಹುದು.

ಇತಿ,
ಹಿರಿಯ ವೀಕ್ಷಕ


ಜುಲೈ 13, ಸೋಮವಾರ

ಚಿಕ್ಕಪ್ಪ,

ನಿಮ್ಮ ಕಾಗದ ಓದಿ ಕಚೇರಿಯ ಹೆಂಗಸರ ಕೋಣೆಗೆ ಹೋಗಿ ಅತ್ತೆ. ದಯವಿಟ್ಟು ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ. ಬಾಯಿ ಬಿಡಬಾರದೆಂದು ಹೇಳಿದ್ದನ್ನೂ ಈಗ ಹೇಳಿಬಿಡುತ್ತೇನೆ.

ಆಗಸ್ಟ್ ಒಂದರಿಂದ ಜಲಾಶಯದ ನೀರಿನ ಮಟ್ಟವನ್ನು ಇದುವರೆಗಿನ ಮಿತಿಗಿಂತ ಎರಡು ಮೀಟರ್ ಏರಿಸುತ್ತಾರೆ. ಕೆಳಗಿನ ಊರುಗಳಿಗೆ ಬೇಸಿಗೆಯಲ್ಲಿ ನೀರು ಸಾಲುತ್ತಿಲ್ಲ, ಹೊಸ ಅಣೆಕಟ್ಟು ಕಟ್ಟುವ ಬದಲು ಇದ್ದುದರಲ್ಲೇ ಹೆಚ್ಚು ತುಂಬಿಸಬಹುದೇ ಎಂದು ಯೋಚಿಸುತ್ತಿದ್ದರು. ಮಣ್ಣಿನ ಕಟ್ಟೆ ತಡೆಯುತ್ತದೆಯೇ ಎಂಬುದೊಂದೇ ಅನುಮಾನವಿತ್ತು. ಆ ಅನುಮಾನವನ್ನು ಕಳೆದದ್ದು ನನ್ನ ಪಟ್ಟಿ. ಒಂಬತ್ತು ವರ್ಷದ ಸೊನ್ನೆಗಳು. ಸಭೆಯಲ್ಲಿ ಗೋಡೆಯ ಮೇಲೆ ತೋರಿಸಿದಾಗ ಆ ಗೆರೆ ಎಷ್ಟು ಸಪಾಟಾಗಿತ್ತೆಂದರೆ ಒಬ್ಬರು, "ಇದು ಗ್ರಾಫಾ, ಮೇಜಿನ ಅಂಚಾ?" ಎಂದು ತಮಾಷೆ ಮಾಡಿದರು. ನನಗೆ ಬಡ್ತಿಯೂ ಸಿಗಲಿದೆ.

ನಿಮ್ಮ ಹುದ್ದೆಯ ವಿಷಯವೂ ನಿಜ. ವರ್ಷದ ಕೊನೆಗೆ ತೆಗೆಯುತ್ತಾರೆ. ನನಗೆ ಗೊತ್ತಿತ್ತು. ಹೇಳಲು ಧೈರ್ಯ ಬರಲಿಲ್ಲ. ಹೇಗೆ ನೋಡುತ್ತೀರೆಂದು ಕೇಳಿದ್ದು ನಿಮ್ಮನ್ನು ಕಿತ್ತುಹಾಕಲು ಅಲ್ಲ, ನಿಮ್ಮ ಹೆಸರು ಆ ದೊಡ್ಡ ಕಡತದಲ್ಲಿ ಇರಲಿ ಎಂಬ ಆಸೆಗೆ. ನಿಮ್ಮ ಮಾತಿನ ಮೇಲೆ ನನಗೆ ಅನುಮಾನವೇ ಇಲ್ಲ. ಗ್ಲಾಸಿನ ಹಿಂದೆ ನನ್ನ ಅಂಗೈಯ ಗೆರೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನೀವು ತಿಳಿ ಎಂದರೆ ನನಗೆ ಅದೇ ಕಾಣುತ್ತದೆ.

ಕೋಪ ಬಿಟ್ಟು ಒಂದು ಸಾಲು ಬರೆಯಿರಿ. ಬೈದರೂ ಸರಿ.

ನಿಮ್ಮ,
ಪ್ರಶ್ನೆಪತ್ರಿಕೆ


ಆಗಸ್ಟ್ 4, ಮಂಗಳವಾರ

ಪ್ರೀತಿಯ ಚಿಕ್ಕಪ್ಪ,

ಎರಡು ಬುಧವಾರ ಚೀಲ ಬಂತು, ನಿಮ್ಮ ಪತ್ರ ಬರಲಿಲ್ಲ. ಇಷ್ಟು ದೊಡ್ಡ ಕೋಪ ನಿಮ್ಮದಲ್ಲ. ಆರೋಗ್ಯ ಸರಿಯಿದೆಯೇ?

ನೀರು ಏರಲು ಶುರುವಾಗಿ ನಾಲ್ಕು ದಿನವಾಯಿತು. ಮೇಲೆ ಮಳೆ ಚೆನ್ನಾಗಿದೆ, ಈಗಾಗಲೇ ಅರ್ಧ ಮೀಟರ್ ಏರಿದೆಯಂತೆ. ಇಲ್ಲಿ ಎಲ್ಲರೂ ಹುರುಪಿನಲ್ಲಿದ್ದಾರೆ. ನನಗೆ ಮಾತ್ರ ಸಮಾಧಾನವಿಲ್ಲ. ನಿನ್ನೆ ಮನಸ್ಸು ತಡೆಯದೆ ಕಟ್ಟೆಯ ಕಚೇರಿಗೆ ಫೋನು ಮಾಡಿದೆ. ನೀವು ದಂಡೆಯ ಮೇಲಿದ್ದಿರಂತೆ. ನಿಮ್ಮ ಗಡಿಯಾರ ಎತ್ತಿಕೊಂಡರು. ಲೈನು ಎಷ್ಟು ಚೆನ್ನಾಗಿತ್ತೆಂದರೆ ಅವರು ಉಸಿರಾಡುವುದೂ ಕೇಳುತ್ತಿತ್ತು.

"ನೀರು ಹೇಗಿದೆ?" ಎಂದೆ.

"ತಿಳಿ ಇದೆ ಮೇಡಂ."

"ಚೆನ್ನಾಗಿ ನೋಡಿದ್ರಾ?"

"ನೋಡ್ದೆ ಮೇಡಂ. ಹದಿನೇಳು ಕಾಣ್ತಿದೆ."

ಅಷ್ಟರಲ್ಲಿ ಸಾಹೇಬರು ಕರೆದರು, ಫೋನು ಇಟ್ಟೆ. ಆಮೇಲೆ ಯೋಚಿಸುತ್ತಾ ಕುಳಿತೆ. ಹದಿನೇಳು ಎಂದರೇನು? ನೀರಿನ ಮಟ್ಟವಲ್ಲ, ಹರಿವಿನ ಅಳತೆಯೂ ಅಲ್ಲ. ನಿಯಮಾವಳಿಯನ್ನು ಮೊದಲಿಂದ ಕೊನೆಯವರೆಗೆ ತಿರುವಿ ಹಾಕಿದೆ, ಹದಿನೇಳು ಎಂಬುದು ಎಲ್ಲೂ ಇಲ್ಲ. ಗ್ಲಾಸಿನ ಹಿಂದೆ ಅಂಗೈ ಇಟ್ಟರೆ ಹದಿನೇಳು ಹೇಗೆ ಕಾಣುತ್ತದೆ ಚಿಕ್ಕಪ್ಪ?

ದೊಡ್ಡ ವಿಷಯವಲ್ಲ ಎಂದುಕೊಂಡಿದ್ದೇನೆ. ಆದರೂ ಹೇಳಿ. ಮುಂದಿನ ಸೋಮವಾರದಿಂದ ಬುಧವಾರದವರೆಗೆ ನಾನು ಊರಲ್ಲಿರುವುದಿಲ್ಲ. ಬೇರೆ ಕಚೇರಿಗಳವರಿಗೆ ನನ್ನ ಪಟ್ಟಿಯಂಥದ್ದನ್ನೇ ಮಾಡಲು ಪಾಠ ಹೇಳಬೇಕಂತೆ. ಗುರುವಾರ ಬಂದೊಡನೆ ಮೊದಲು ಚೀಲ ನೋಡುತ್ತೇನೆ.

ನಿಮ್ಮ,
ಪ್ರಶ್ನೆಪತ್ರಿಕೆ


ಆಗಸ್ಟ್ 11, ಮಂಗಳವಾರ

ಮಗಳೇ,

ನಾನು ಸುಳ್ಳು ಹೇಳಿದ್ದೆ. ಗ್ಲಾಸು ಇಲ್ಲ. ಒಡೆದು ಒಂಬತ್ತು ವರ್ಷವಾಯಿತು.

ಒಂದು ಬೆಳಿಗ್ಗೆ ಕೈ ಜಾರಿ ಕಾಲುವೆಯ ಕಲ್ಲಿನ ಮೇಲೆ ಬಿತ್ತು. ಹೊಸದು ಬೇಕೆಂದು ಎರಡು ಸಲ ಬರೆದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಲ್ಲಿಯವರೆಗೆ ಇರಲಿ ಎಂದು ಕ್ಯಾಂಟೀನಿನಿಂದ ಒಂದು ಗಿಡ್ಡ ಸ್ಟೀಲ್ ಲೋಟ ತಂದೆ. ಅದರ ಆಚೆಯಿಂದ ಕೈ ಕಾಣುವುದಿಲ್ಲವಲ್ಲ, ಅದಕ್ಕೆ ಎರಡು ಬೆರಳು ನೀರು ಹಾಕಿ ತಳ ನೋಡಿದೆ. ತಳದಲ್ಲಿ ಕ್ಯಾಂಟೀನಿನವರು ಕೊರೆಸಿದ ನಂಬರು ಕಂಡಿತು. ತಿಳಿ ಎಂದು ಬರೆದೆ. ಒಂದು ವಾರಕ್ಕೆ ಎಂದು ತಂದ ಲೋಟ ಅದು. ಕೆಲಸ ನಡೆಯುತ್ತಿತ್ತು, ವಾರ ಮುಗಿದದ್ದೇ ಗೊತ್ತಾಗಲಿಲ್ಲ.

ಮರುವರ್ಷ ಗಡಿಯಾರ ಬಂದ. ಅವನು ಗ್ಲಾಸನ್ನು ಕಂಡವನೇ ಅಲ್ಲ. ಅವನಿಗೆ ತಿಳಿ ಎಂದರೆ ಲೋಟದ ತಳದಲ್ಲಿ ಹದಿನೇಳು ಕಾಣುವುದು. ಹಾಗೆಂದು ಕಲಿಸಿದವನು ನಾನು. ನಾವಿಬ್ಬರೂ ಅದೇ ಪದ ಬರೆದೆವು, ನೀನು ಅದೇ ಪದ ಓದಿದೆ. ನೀನು ಅಲ್ಲಿ ಕೂತು ಗಾಜಿನ ಹಿಂದಿನ ಅಂಗೈ ನೋಡುತ್ತಿದ್ದೆ, ನಾವು ಇಲ್ಲಿ ಲೋಟದ ತಳ ನೋಡುತ್ತಿದ್ದೆವು. ಎರಡು ಬೆರಳು ನೀರಿನಲ್ಲಿ ಮಬ್ಬೂ ತಿಳಿಯಾಗಿಯೇ ಕಾಣುತ್ತದೆ. ಒಂಬತ್ತು ವರ್ಷ ಒಬ್ಬರಿಗೊಬ್ಬರು ತಪ್ಪಿಲ್ಲದೆ ಉತ್ತರ ಕೊಟ್ಟುಕೊಂಡೆವು.

ನಿನ್ನ ಜುಲೈ ಕಾಗದ ಬಂದ ದಿನದಿಂದ ನನ್ನ ಜೀವದಲ್ಲಿ ಜೀವವಿಲ್ಲ. ಎರಡು ಮೀಟರ್ ನೀರು ನನ್ನ ಪದದ ಮೇಲೆ ನಿಲ್ಲುತ್ತದೆ ಎಂದು ನೀನು ಬರೆದಿದ್ದೆ. ಅಂದೇ ಹೇಳಬೇಕಿತ್ತು. ಹೇಳಿದರೆ ಮೂವತ್ತೊಂದು ವರ್ಷದ ಹೆಸರು ಹೋಗುತ್ತದೆ, ಮೇಲಾಗಿ ಲೋಟದಲ್ಲೂ ನೀರು ಚೆನ್ನಾಗಿಯೇ ಕಾಣುತ್ತಿದೆಯಲ್ಲ ಎಂದು ಸಮಾಧಾನ ಹೇಳಿಕೊಂಡೆ. ದಿನಾ ಬೆಳಿಗ್ಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ. ದಿನಾ ಹದಿನೇಳು ಕಾಣುತ್ತಿತ್ತು. ಹೇಡಿಯ ಹಾಗೆ ನಡೆದುಕೊಂಡೆ.

ನಿನ್ನ ಪ್ರಶ್ನೆ ಬಂದ ಮೇಲೆ, ನಿನ್ನೆ ಬೆಳಿಗ್ಗೆ ಒಂದು ಕೆಲಸ ಮಾಡಿದೆ. ಹದಿನೇಳನ್ನು ಚೀಲದಲ್ಲಿ ಬಚ್ಚಿಟ್ಟು, ಅದರ ಜಾಗದಲ್ಲಿ ಅಂಥದ್ದೇ ಇನ್ನೊಂದು ಲೋಟ ಇಟ್ಟೆ. ಅದರ ತಳದಲ್ಲಿ ನಲವತ್ತೆರಡು ಎಂದಿದೆ. ಗಡಿಯಾರನಿಗೆ ಹೇಳಲಿಲ್ಲ. ಅವನು ನೀರು ತುಂಬಿದ, ಬೆಳಕಿಗೆ ಓರೆ ಮಾಡಿದ.

"ಹದಿನೇಳು ಕಾಣ್ತಿದೆ ಸರ್. ತಿಳಿ" ಎಂದು ರಿಜಿಸ್ಟರಿನಲ್ಲಿ ಬರೆದ.

"ಸರಿಯಾಗಿ ನೋಡಪ್ಪಾ" ಎಂದೆ.

"ನೋಡ್ದೆನಲ್ಲಾ ಸರ್, ಹದಿನೇಳು."

ಅವನು ಸುಳ್ಳು ಹೇಳುವವನಲ್ಲ. ಲೋಟ ಇಸಿದುಕೊಂಡು ನಾನು ನೋಡಿದೆ. ಒಳಗಿರುವುದು ನಲವತ್ತೆರಡು ಎಂದು ಗೊತ್ತಿದ್ದೂ, ಆಣೆ ಮಾಡಿ ಹೇಳುತ್ತೇನೆ, ಒಂದು ಕ್ಷಣ ನನಗೂ ಹದಿನೇಳೇ ಕಂಡಿತು. ನೀರು ಚೆಲ್ಲಿ ತಳ ತೋರಿಸಿದೆ. ಅವನು ಕಲ್ಲಿನ ಮೇಲೆ ಕುಳಿತುಬಿಟ್ಟ. ನಾವು ಎಷ್ಟು ದಿನದಿಂದ ನೀರು ನೋಡುತ್ತಿಲ್ಲವೋ ದೇವರೇ ಬಲ್ಲ.

ಓಡಿಹೋಗಿ ಮನೆಯಿಂದ ಸಕ್ಕರೆಯ ಗಾಜಿನ ಡಬ್ಬಿ ತಂದೆ. ನಿನ್ನ ಚಿಕ್ಕಮ್ಮ ಸಕ್ಕರೆಯನ್ನು ಪೇಪರಿನ ಮೇಲೆ ಸುರಿದು ನನ್ನ ಹಿಂದೆಯೇ ಬಂದಳು, ಒಂದು ಮಾತೂ ಬೈಯಲಿಲ್ಲ. ತುಂಬಿ ಎತ್ತಿ ಹಿಡಿದೆ. "ಹಿಂದೆ ಕೈ ಇಡು" ಎಂದೆ. ಕಾದೆ. "ಇಡೇ" ಎಂದೆ.

"ಇಟ್ಟು ಎಷ್ಟೊತ್ತಾಯ್ತು ರೀ" ಎಂದಳು.

ಇಲ್ಲಿನ ಎಂಜಿನಿಯರಿಗೆ ಹೇಳಿದೆ. ಅವರು ರಿಜಿಸ್ಟರ್ ತೆಗೆದು, "ಈಗಷ್ಟೇ ತಿಳಿ ಅಂತ ಬರ್ದಿದೀರಲ್ಲ" ಎಂದರು. ಎರಡು ಸಲ ನಿಮ್ಮ ಕಚೇರಿಗೆ ಫೋನು ಮಾಡಿದೆ. ನೀನಿರಲಿಲ್ಲ. ನೀರು ಕದಡು ಎಂದೆ. ಆ ಕಡೆಯವರು ಬಹಳ ಮರ್ಯಾದೆಯಿಂದ, "ಆಯ್ತು ಸರ್, ಬರ್ಕೊಂಡೆ" ಎಂದರು. ಬರೆದುಕೊಂಡರಂತೆ! ಅವರಿಗೆ ಆ ಪದ ಸರಿಯಾಗಿಯೇ ಕೇಳಿಸಿತ್ತು.

ಅದಕ್ಕೇ ಈಗ ಪದ ಕಳಿಸುತ್ತಿಲ್ಲ. ಡಬ್ಬಿಯನ್ನೇ ಕಳಿಸುತ್ತಿದ್ದೇನೆ. ನಾಳೆಯ ಜೀಪಿನಲ್ಲಿ ನಿನ್ನ ಚಿಕ್ಕಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡು ನಿನ್ನ ಅಕ್ಕನ ಬೀದಿಯವರೆಗೆ ಬರುತ್ತಾಳೆ, ಅಲ್ಲಿಳಿದು ಅವಳನ್ನೂ ಮಕ್ಕಳನ್ನೂ ಗುಡ್ಡದ ಶಾಲೆಗೆ ಹತ್ತಿಸುತ್ತಾಳೆ. ಡ್ರೈವರ್ ಡಬ್ಬಿಯನ್ನು ನಿನ್ನ ಕೈಗೇ ಕೊಡಬೇಕು. ನಿನ್ನ ಸಾಹೇಬರ ಕೈಯನ್ನು ಅದರ ಹಿಂದೆ ಇಡಿಸು.

ನಾನೂ ಗಡಿಯಾರನೂ ಇಲ್ಲೇ ಇರುತ್ತೇವೆ. ಕಾಲುವೆಯ ಸದ್ದು ಮೊದಲಿನ ಹಾಗಿಲ್ಲ. ಕುರ್ಚಿಗೆ ಕೊಟ್ಟ ಹಲಗೆಯೂ ಕೆಳಗಿಳಿದಿದೆ. ಯಾರಾದರೂ ಫೋನು ಮಾಡಿ ಕೇಳಿದರೆ ನೋಡಿ ಹೇಳಲು ಒಬ್ಬರು ಬೇಕಲ್ಲ. ಈ ಸಲ ನಿಜವಾಗಿ ನೋಡಿ ಹೇಳುತ್ತೇನೆ.

ನನ್ನನ್ನು ಕ್ಷಮಿಸು.

ಚಿಕ್ಕಪ್ಪ


ಆಗಸ್ಟ್ 14, ಶುಕ್ರವಾರ

ಪ್ರೀತಿಯ ಚಿಕ್ಕಪ್ಪ,

ಡಬ್ಬಿ ಬಂತು. ನಿನ್ನೆ ಬೆಳಿಗ್ಗೆ ಹತ್ತಕ್ಕೆ ಡ್ರೈವರ್ ನಾಲ್ಕು ಮಹಡಿ ಹತ್ತಿ ಬಂದು ನನ್ನ ಕೈಗೇ ಕೊಟ್ಟ. ಮೇಜಿನ ಮೇಲೆ ಟ್ರೇಯಲ್ಲಿ ನಿಮ್ಮ ಫೋನಿನ ಚೀಟಿ ಬಿದ್ದಿತ್ತು: "ಕಟ್ಟೆಯಿಂದ ಕರೆ. ನೀರು ಕದಡು." ಪಕ್ಕದ ಮೇಜಿನವಳು ಪಾಪ, ನಾನು ಹೇಳಿಕೊಟ್ಟಂತೆಯೇ ಪಟ್ಟಿ ತೆರೆದು ಆ ದಿನದ ಮುಂದೆ ಎರಡು ಎಂದು ಬರೆದಿದ್ದಳು. ಹನ್ನೊಂದು ಸಾವಿರ ದಿನಗಳ ಕೊನೆಯಲ್ಲಿ ಒಂದೇ ಒಂದು 'ಎರಡು'. ಸರಾಸರಿ ಕೂದಲೆಳೆಯಷ್ಟೂ ಅಲುಗಿರಲಿಲ್ಲ.

ನಿಮ್ಮ ಪತ್ರ ಓದಿದೆ. ಡಬ್ಬಿ ಹಿಡಿದು ನೇರ ಸಭೆ ನಡೆಯುತ್ತಿದ್ದ ಕೋಣೆಗೆ ನುಗ್ಗಿ ಸಾಹೇಬರ ಮುಂದಿಟ್ಟೆ. ಅವರು ಕಾಗದದಿಂದ ಮುಖ ಎತ್ತದೆ, "ಚಹಾನಾ? ಅಲ್ಲಿಡಿ" ಎಂದರು.

"ಅದು ಬುಡದ ಕಾಲುವೆ ನೀರು ಸರ್. ಹಿಂದೆ ಕೈ ಇಡಿ" ಎಂದೆ.

ಇಟ್ಟರು. ತೆಗೆದರು. ಮತ್ತೆ ಇಟ್ಟರು. ಕೈ ಕಾಣಲಿಲ್ಲ. ಒಂದು ದಿನವಿಡೀ ಜೀಪಿನಲ್ಲಿ ಕುಲುಕಿಕೊಂಡು ಬಂದಿದ್ದರೂ ತಳದಲ್ಲಿ ಎರಡು ಬೆರಳು ಕೆಸರು ಕೂತಿತ್ತು. ಅದು ನಿಮ್ಮ ಕಟ್ಟೆ. ಸಾಹೇಬರು ಫೋನಿಗೆ ಕೈ ಹಾಕಿದರು. ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲ ಗೇಟುಗಳನ್ನೂ ತೆರೆಯಲು ಆದೇಶ ಹೋಯಿತು, ಕೆಳಗಿನ ಬೀದಿಗಳನ್ನು ಖಾಲಿ ಮಾಡಿಸಲೂ ಹೋಯಿತು. ಆಗಲೇ ನೀರು ಒಂದೂಮುಕ್ಕಾಲು ಮೀಟರ್ ಏರಿತ್ತು. ಅದು ಇಳಿಯಲು ಎರಡು ದಿನ ಬೇಕಂತೆ.

ಅಕ್ಕ, ಮಕ್ಕಳು, ಚಿಕ್ಕಮ್ಮ ಗುಡ್ಡದ ಶಾಲೆಯಲ್ಲಿದ್ದಾರೆ. ಬುಧವಾರವೇ ಚಿಕ್ಕಮ್ಮ ಇಡೀ ಹೊಳೆ ಬೀದಿಯಲ್ಲಿ ಮನೆಮನೆಗೆ ಹೋಗಿ, ಯಾರಿಗೂ ಏನೂ ವಿವರಿಸದೆ, ಕಂದು ಹಿಡಿದ ನಿಮ್ಮ ಬಿಳಿ ಅಂಗಿಯೊಂದನ್ನು ತೋರಿಸಿದರಂತೆ. ಅರ್ಧ ಬೀದಿ ಅವರ ಹಿಂದೆಯೇ ಹತ್ತಿತಂತೆ. ಇನ್ನರ್ಧ ನಿನ್ನೆ ಹೊರಟಿತೋ ಇಲ್ಲವೋ ಯಾರಿಗೂ ಸರಿಯಾಗಿ ಗೊತ್ತಿಲ್ಲ.

ನಿನ್ನೆ ಸಂಜೆಯಿಂದ ನಿಮ್ಮ ಕಚೇರಿಗೆ ಫೋನು ಮಾಡುತ್ತಿದ್ದೇನೆ. ಗಂಟೆ ಹೋಗುತ್ತದೆ, ಯಾರೂ ಎತ್ತುವುದಿಲ್ಲ. ಗಂಟೆ ಹೋಗುತ್ತಿದೆ ಎಂದರೆ ಆ ಕೋಣೆ ಇದೆ, ಮೇಜಿದೆ, ನೀವಿಬ್ಬರೂ ದಂಡೆಯ ಮೇಲಿದ್ದೀರಿ ಎಂದು ಅರ್ಥ ಮಾಡಿಕೊಂಡೆ. ಇವತ್ತು ಬೆಳಿಗ್ಗೆ ಒಂಬತ್ತೂಕಾಲರ ನಂತರ ಗಂಟೆಯೂ ಹೋಗುತ್ತಿಲ್ಲ. ಅದಕ್ಕೆ ನಾನು ಇನ್ನೂ ಯಾವ ಅರ್ಥವನ್ನೂ ಕೊಟ್ಟಿಲ್ಲ.

ಹತ್ತು ಗಂಟೆಗೆ ಹೊಳೆಯ ಸೇತುವೆಯ ಕಾವಲಿನವರಿಂದ ಸುದ್ದಿ ಬಂತು, "ನೀರು ಸ್ವಲ್ಪ ಜಾಸ್ತಿಯಾಗಿದೆ" ಎಂದು. ಬರೆದುಕೊಳ್ಳುತ್ತಿದ್ದವರ ಕೈಯಿಂದ ಫೋನು ಕಿತ್ತುಕೊಂಡು, ಸ್ವಲ್ಪ ಎಂದರೆ ಎಷ್ಟು, ಯಾವ ಮೆಟ್ಟಿಲು ಮುಳುಗಿದೆ, ಯಾವುದು ಕಾಣುತ್ತಿದೆ ಎಂದು ಕೂಗಿದೆ. ಆ ಕಡೆಯವನು, ಹೋಗಿ ನೋಡಿ ಬಂದು ಹೇಳುತ್ತೇನೆ ಎಂದ. ನಾನು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡೇ ಎಡಗೈಯಲ್ಲಿ ಕಾಗದ ಒತ್ತಿ ಇದನ್ನು ಬರೆಯುತ್ತಿದ್ದೇನೆ. ಇಪ್ಪತ್ತು ನಿಮಿಷವಾಯಿತು, ಅವನಿನ್ನೂ ಬಂದಿಲ್ಲ.

ಡ್ರೈವರ್ ಕೆಳಗೆ ಜೀಪು ಚಾಲೂ ಮಾಡಿಕೊಂಡು ನಿಂತಿದ್ದಾನೆ. ಜೀಪು ವಾಪಸು ಹೋಗುವ ದಿನ ಇವತ್ತಲ್ಲ, ಅವನಿಗೆ ಯಾರೂ ಹೇಳಿಲ್ಲ, ತಾನೇ ಹೊರಟಿದ್ದಾನೆ. "ರಸ್ತೆ ಇರೋವರೆಗೂ ಹೋಗ್ತೀನಿ ಮೇಡಂ" ಎಂದ. ಚೀಲದಲ್ಲಿ ಈ ಪತ್ರದ ಜೊತೆ ಒಂದು ಗಾಜಿನ ಗ್ಲಾಸು ಇಟ್ಟಿದ್ದೇನೆ, ನನ್ನ ದುಪಟ್ಟಾದಲ್ಲಿ ಸುತ್ತಿ. ಒಡೆದರೆ ಇನ್ನೊಂದು ಕಳಿಸುತ್ತೇನೆ, ಯಾರಿಗೂ ಅರ್ಜಿ ಬರೆಯಬೇಕಾಗಿಲ್ಲ.

ಚಿಕ್ಕಪ್ಪ, ನಿಮ್ಮ ಮೇಲೆ ನನಗೆ ಕೋಪವಿಲ್ಲ. ನೀವು ಬರೆದಿರಿ, ನಾನು ಓದಿದೆ, ಇಬ್ಬರೂ ಕೇಳಬೇಕಾದ್ದನ್ನು ಕೇಳಲಿಲ್ಲ. ಪ್ರಶ್ನೆಪತ್ರಿಕೆ ಎಂದು ಹೆಸರಿಟ್ಟುಕೊಂಡು ನಾನೂ ಕೇಳಲಿಲ್ಲ. ಈ ಚೀಲ ನಿಮ್ಮ ಕೈ ಸೇರಿದರೆ ಇದೇ ಕಾಗದದ ಹಿಂದೆ ಉತ್ತರ ಬರೆದು ಅವನ ಕೈಗೇ ಕೊಡಿ. ಚೆನ್ನಾಗಿದ್ದೇನೆ ಎಂದು ಬರೆಯಬೇಡಿ. ನೀವು ಎಲ್ಲಿ ನಿಂತಿದ್ದೀರಿ, ಕಾಲಿನ ಕೆಳಗೆ ಏನಿದೆ, ಎದುರಿಗೆ ಏನು ಕಾಣುತ್ತಿದೆ, ಅಷ್ಟು ಬರೆಯಿರಿ.

ನಿಮ್ಮ,
ಪ್ರಶ್ನೆಪತ್ರಿಕೆ